ಏಳನೇ ಬೆಡ್ಡಿನ ಅಜ್ಜನಿಗೆ ನಾನು ಯಾರೆಂದು ಹೇಳಿದ್ದು

ಹೋದ ತಿಂಗಳು ಒಂದು ಬೆಳಿಗ್ಗೆ, ಹಿರಿಯೂರಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಸಾಲಿನಲ್ಲಿ ಯಾರೋ ಕರಿ ಕಂಬಳಿ ಹೊದ್ದು ಬಂದಿದ್ದರು. ಹೊರಗೆ ಜಿಟಿಜಿಟಿ ಮಳೆ. ನೆನೆದ ಕಂಬಳಿಯ ವಾಸನೆ ಗೊತ್ತಿದ್ದವರಿಗೆ ಗೊತ್ತು. ಕುರಿ, ಹೊಗೆ, ಬೆವರು ಮೂರೂ ಸೇರಿ ಮೂಗಿಗೆ ಬಡಿಯುತ್ತದೆ. ಪಕ್ಕದಲ್ಲಿದ್ದ ಸಿಸ್ಟರ್ ಮಾಸ್ಕ್ ಮೇಲಕ್ಕೆ ಎಳೆದುಕೊಂಡರು. ನಾನು ಪೆನ್ನು ಹಿಡಿದು ಹಾಗೇ ಕುಳಿತುಬಿಟ್ಟೆ. ಚೀಟಿಯಲ್ಲಿ ಮಾತ್ರೆಯ ಹೆಸರು ಅರ್ಧಕ್ಕೆ ನಿಂತಿತ್ತು. ಏಳನೇ ಬೆಡ್ಡು... ಎಷ್ಟು ವರ್ಷವಾಯಿತು, ಇಪ್ಪತ್ತೆರಡೋ, ಇಪ್ಪತ್ಮೂರೋ.

ಕಾಕತಾಳೀಯ ಅನ್ನಿ, ಏನಾದರೂ ಅನ್ನಿ, ಅವತ್ತು ಮಧ್ಯಾಹ್ನವೇ ನಾನೊಂದು ಕ್ಲಾಸು ತೆಗೆದುಕೊಳ್ಳಬೇಕಿತ್ತು. ಮೆಡಿಕಲ್ ಓದುವ ಹುಡುಗ ಹುಡುಗಿಯರು ಹದಿನೈದು ದಿನ ನಮ್ಮಲ್ಲಿಗೆ ಬಂದು ಹೋಗುತ್ತಾರೆ. ಬಂದ ಮೊದಲ ದಿನ ಅವರಿಗೆ ‘ರೋಗಿಗೆ ನಿಮ್ಮ ಪರಿಚಯ ಹೇಗೆ ಹೇಳಿಕೊಳ್ಳಬೇಕು’ ಎಂದು ಯಾರಾದರೂ ಹೇಳಿಕೊಡಬೇಕು. ಈ ಸಲ ಅದು ನನ್ನ ತಲೆಗೆ ಬಂದಿತ್ತು. ಕಾಲೇಜಿನವರು ಒಂದು ಹಾಳೆಯನ್ನೂ ಕಳಿಸಿದ್ದರು. ನಮಸ್ಕಾರ ಹೇಳಿ, ಹೆಸರು ಹೇಳಿ, ವಿದ್ಯಾರ್ಥಿ ಎಂದು ಹೇಳಿ, ಮುಟ್ಟುವ ಮುಂಚೆ ಒಪ್ಪಿಗೆ ಕೇಳಿ. ನಾಲ್ಕೇ ಮಾತು, ಒಂದೂ ತಪ್ಪಿಲ್ಲ. ಆದರೆ ಕಂಬಳಿಯ ವಾಸನೆ ಹೊಡೆದ ಮೇಲೆ ಆ ಹಾಳೆಯನ್ನು ಎಷ್ಟು ಸಲ ಓದಿದರೂ ನನಗೆ ಅದು ತಲೆಗೆ ಹತ್ತಲಿಲ್ಲ. ತಲೆ ನರೆತ ಡಾಕ್ಟರಿಗೆ ನಾಲ್ಕು ಸಾಲು ಅರ್ಥವಾಗಲಿಲ್ಲವೇ ಎಂದು ನಗಬೇಡಿ, ಸ್ವಲ್ಪ ಕೇಳಿ.

ಆಗ ನಾನು ಮೂರನೇ ವರ್ಷದಲ್ಲಿದ್ದೆ. ಕಾಲೇಜು, ಆಸ್ಪತ್ರೆ ಯಾವುದೆಂದು ಬೇಡ, ತಪ್ಪು ಅವರದ್ದಲ್ಲ. ಬಿಳಿ ಕೋಟು ಹೊಸದು. ಕುತ್ತಿಗೆಗೆ ಹಾಕಿದ ಸ್ಟೆತಾಸ್ಕೋಪನ್ನು ಕ್ಯಾಂಟೀನಿನಲ್ಲಿ ದೋಸೆ ತಿನ್ನುವಾಗಲೂ ತೆಗೆಯುತ್ತಿರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಹಾಗೆ ನಮ್ಮ ಕಥೆ. ವಾರ್ಡಿಗೆ ಹೋಗುವ ಮುಂಚೆ ಸೀನಿಯರ್ ಒಬ್ಬ ಕಿವಿಮಾತು ಹೇಳಿದ್ದ: ‘ಸ್ಟೂಡೆಂಟ್ ಅಂದ್ಯೋ ಕೆಟ್ಟೆ. ಮುಟ್ಟೋಕೂ ಬಿಡಲ್ಲ. ಡಾಕ್ಟ್ರು ಅನ್ನು, ನೋಡು, ಬಾ.’

ಏಳನೇ ಬೆಡ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ತುರುವನೂರು ಕಡೆಯ ಕುರಿ ಕಾಯುವವರು, ಅರವತ್ತರ ಆಸುಪಾಸು. ಸಕ್ಕರೆ ಕಾಯಿಲೆ, ಬಲಗಾಲಿನ ಬೆರಳುಗಳು ಕಪ್ಪಾಗಿದ್ದವು. ಆಸ್ಪತ್ರೆಯ ದಿಂಬನ್ನು ಪಕ್ಕಕ್ಕೆ ತಳ್ಳಿ, ತಮ್ಮ ಕಂಬಳಿಯನ್ನೇ ಮಡಿಸಿ ತಲೆಗೆ ಇಟ್ಟುಕೊಂಡಿದ್ದರು. ವಿದ್ಯಾರ್ಥಿಗಳು ಹತ್ತಿರ ಬಂದರೆ ಒಂದು ಕೈ ಎತ್ತುತ್ತಿದ್ದರು, ಅಷ್ಟೆ. ಕುರಿ ತಡೆಯುವ ಹಾಗೆ ತಡೆದುಬಿಡುತ್ತಿದ್ದರು. ನನ್ನ ಗೆಳೆಯರು ಇಬ್ಬರು ಹೋಗಿ ಹಾಗೇ ವಾಪಸಾಗಿದ್ದರು.

ನಾನು ಎದೆಯುಬ್ಬಿಸಿ ಹೋಗಿ, ‘ಅಜ್ಜ, ನಾನು ಡಾಕ್ಟ್ರು. ಕಾಲು ನೋಡ್ಬೇಕು’ ಅಂದೆ.

‘ಡಾಕ್ಟ್ರು ಅನ್ನೋದು ಕೆಲ್ಸ ಆತಪ್ಪ. ನೀನು ಯಾರು?’ ಅಂದರು.

ನನಗೆ ಗೊಂದಲವಾಯಿತು. ಹೆಸರು ಹೇಳಿದೆ. ಅದೂ ಸಾಲಲಿಲ್ಲ.

‘ಹೆಸ್ರು ಯಾರಾನ ಇಟ್ಕಬೋದು. ಯಾವೂರು? ಯಾರ ಪೈಕಿ?’

‘ಹೊರಕೆರೆದೇವಪುರದ ಹತ್ರ ಅಜ್ಜ. ನಮ್ಮನ್ನ ಹುಣಸೇಮರದ ಮನೆಯವ್ರು ಅಂತಾರೆ.’

ಎತ್ತಿದ್ದ ಕೈ ಕೆಳಗಿಳಿಯಿತು. ‘ಲೇ! ನಿಮ್ಮ ಹೊಲದಾಗೆ ಮಂದೆ ಹಾಕ್ದೋನು ಕಣಲೇ ನಾನು! ನಿಮ್ಮಜ್ಜಿ ಕೈಯಾಗಿನ ಮುದ್ದೆ ಉಂಡೀನಿ. ಕುಂತ್ಕ, ಕುಂತ್ಕ’ ಎಂದು ಮಂಚದ ಮೇಲೇ ಜಾಗ ಮಾಡಿಕೊಟ್ಟರು.

ಮಂದೆ ಹಾಕುವುದೆಂದರೆ ಪೇಟೆಯವರಿಗೆ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರಿಯವರು ಹಿಂಡು ಹೊಡೆದುಕೊಂಡು ನಮ್ಮ ಕಡೆ ಬರುತ್ತಿದ್ದರು. ಖಾಲಿ ಹೊಲದಲ್ಲಿ ರಾತ್ರಿ ಕುರಿಗಳನ್ನು ಕೂಡಿಹಾಕುವುದು, ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರ. ಒಂದು ಸಲ ಒಂದು ಮನೆಯ ಹೊಲಕ್ಕೆ ಮಂದೆ ಹಾಕಿದವರು ಮರುವರ್ಷವೂ ಮೊದಲು ಅದೇ ಮನೆಯ ಬಾಗಿಲಿಗೆ ಬರಬೇಕು. ಮನೆಯವರೂ ಅವರನ್ನು ಬಿಟ್ಟು ಬೇರೆಯವರನ್ನು ಕರೆಯುವ ಹಾಗಿಲ್ಲ. ಮಂದೆಯವರಿಗೆ ಜ್ವರ ಬಂದರೆ ಮನೆಯಿಂದ ಯಾರಾದರೂ ಹೋಗಿ ನೋಡಿಕೊಂಡು ಬರಲೇಬೇಕು. ನಮ್ಮಜ್ಜಿ ಗಂಜಿಯ ಪಾತ್ರೆ ಹಿಡಿದು ಹೊಲಕ್ಕೆ ಹೋಗುತ್ತಿದ್ದದ್ದು ನನಗೂ ಮಸುಕಾಗಿ ನೆನಪಿದೆ. ಆದರೆ ಆ ಹೊತ್ತಿನಲ್ಲಿ ಇದೆಲ್ಲ ಯಾರಿಗೆ ಬೇಕಿತ್ತು! ಕಾಲು ಮುಟ್ಟಲು ಬಿಟ್ಟರಲ್ಲ, ನನಗೆ ಅಷ್ಟೇ ಖುಷಿ.

ಅವತ್ತಿನಿಂದ ನಾನು ‘ನಮ್ಮ ಡಾಕ್ಟ್ರು’. ನನ್ನ ಮುಖ ನೋಡಿ ನನ್ನ ಗೆಳೆಯರಿಗೂ ಕಾಲು ತೋರಿಸುತ್ತಿದ್ದರು. ಪಕ್ಕದ ಬೆಡ್ಡಿನವರಿಗೆ, ‘ಇವ್ನು ನಮ್ಮೋನು, ದೊಡ್ಡ ಡಾಕ್ಟ್ರು’ ಎಂದು ಹೇಳುತ್ತಿದ್ದರು. ನಾನು ಅಲ್ಲ ಅನ್ನಲಿಲ್ಲ. ದಿನಕ್ಕೊಂದು ಸಲವಾದರೂ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಆದರೆ ಹಾಗೆ ಕರೆಸಿಕೊಳ್ಳುವುದು ಎಷ್ಟು ಹಿತವಾಗಿತ್ತು ಅಂದರೆ... ನಾಳೆ ಹೇಳಿದರಾಯಿತು ಎಂದು ಬಿಡುತ್ತಿದ್ದೆ.

ಆಪರೇಷನ್ನಿನ ಮಾತು ಬಂತು. ಅಜ್ಜ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಕುರಿ ಹಿಂದೆ ನಡೆಯುವವನಿಗೆ ಕಾಲೇ ಅನ್ನ. ಮಗ ಇದ್ದ, ಆದರೆ ಇನ್ನೂರು ಕುರಿಯ ಹಿಂಡನ್ನು ಒಬ್ಬನೇ ಕಾಯಲಾರ. ‘ನಮ್ಮ ಡಾಕ್ಟ್ರು ಹೇಳ್ಲಿ, ಆಮೇಲೆ ನೋಡಾಣ’ ಅಂದುಬಿಟ್ಟರಂತೆ. ಪಿಜಿ ಮಾಡುತ್ತಿದ್ದ ಸರ್ ಒಬ್ಬರು ನನ್ನನ್ನು ಕರೆದು, ‘ನೀನು ಅಂದ್ರೆ ಕೇಳ್ತಾರಂತಲ್ಲ, ಬಾ, ನಾನು ಹೇಳ್ತೀನಿ, ನೀನು ಪಕ್ಕದಲ್ಲಿ ನಿಂತ್ಕೋ’ ಅಂದರು. ದಾರಿಯಲ್ಲೇ ನನಗೆ ವಿವರಿಸಿದರು: ಎರಡು ಬೆರಳು ಖಂಡಿತ ತೆಗೆಯಬೇಕು, ಒಳಗೆ ಕೊಳೆತಿದ್ದರೆ ಅರ್ಧ ಪಾದವೂ ಹೋಗಬಹುದು, ಬಿಚ್ಚಿ ನೋಡದೆ ಹೇಳಲಾಗದು. ಅಷ್ಟರಲ್ಲಿ ಅವರಿಗೆ ಎಮರ್ಜೆನ್ಸಿಯಿಂದ ಕರೆ ಬಂತು. ‘ಐದು ನಿಮಿಷ, ಬಂದೆ’ ಎಂದು ಓಡಿದರು.

ನಾನು ಕಾಯಬೇಕಿತ್ತು. ಕಾಯಲಿಲ್ಲ.

ಅಜ್ಜ ನನ್ನ ಕೈ ಹಿಡಿದುಕೊಂಡು, ‘ಏನಪ್ಪ, ನೀನೇ ಹೇಳು. ಕುರಿ ಹಿಂದೆ ನಡೀತೀನಾ?’ ಅಂದರು.

‘ಎರ್ಡು ಬೆರಳು ಅಷ್ಟೇ ಅಜ್ಜ. ನಡೀತೀರ’ ಅಂದೆ.

ಅರ್ಧ ಪಾದದ ಮಾತು ಬಾಯಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಧೈರ್ಯ ಕೊಡಬೇಕು ಅನ್ನಿಸಿತೋ, ದೊಡ್ಡ ಡಾಕ್ಟ್ರ ಹಾಗೆ ಮಾತಾಡುವ ಚಪಲವೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಪಿಜಿ ಸರ್ ಬರುವಷ್ಟರಲ್ಲಿ ಅಜ್ಜ ಹೆಬ್ಬೆಟ್ಟಿಗೆ ಶಾಯಿ ಕೇಳುತ್ತಿದ್ದರು. ಸರ್ ಎಲ್ಲವನ್ನೂ ಮತ್ತೆ ಹೇಳಿದರು, ಅರ್ಧ ಪಾದದ್ದನ್ನೂ. ಅಜ್ಜ, ‘ನಮ್ಮೋನು ಹೇಳಾಯ್ತು ಬಿಡ್ರಿ’ ಎಂದು ಒತ್ತಿಯೇಬಿಟ್ಟರು. ಸರ್ ನನ್ನ ಬೆನ್ನು ತಟ್ಟಿದರು.

ಮರುದಿನ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಕಾಲಿನ ಬ್ಯಾಂಡೇಜು ಎಲ್ಲಿ ಮುಗಿಯಬೇಕಿತ್ತೋ ಅಲ್ಲಿಗಿಂತ ಮೊದಲೇ ಮುಗಿದಿತ್ತು. ಅರ್ಧ ಪಾದ ಇರಲಿಲ್ಲ. ಅಜ್ಜ ಕಣ್ಣು ಮುಚ್ಚಿದ್ದರು. ನಾನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದೆ.

ಎಂಟು ದಿನ ಆ ಕಡೆ ತಲೆ ಹಾಕಲಿಲ್ಲ. ಗೆಳೆಯರನ್ನು ಏಳನೇ ಬೆಡ್ಡಿಗೆ ಕಳಿಸಿ ನಾನು ಹೆಂಗಸರ ವಾರ್ಡಿಗೆ ಹೋಗುತ್ತಿದ್ದೆ. ತೆಗೆಯದೆ ಬಿಟ್ಟಿದ್ದರೆ ಅಜ್ಜ ಉಳಿಯುತ್ತಲೇ ಇರಲಿಲ್ಲ ಎಂದು ಪಿಜಿ ಸರ್ ಹೇಳಿದ್ದು ಕಿವಿಯಲ್ಲಿತ್ತು. ಅದನ್ನೇ ಜಪ ಮಾಡಿಕೊಂಡು ಸಮಾಧಾನ ಪಡುತ್ತಿದ್ದೆ. ಹಾಗಾದರೆ ನಾನು ಒಳ್ಳೆಯದನ್ನೇ ಮಾಡಿದೆನೋ? ನನ್ನ ಸುಳ್ಳಿನಿಂದ ಅವರು ಬದುಕಿದರೋ? ಹಾಗಿದ್ದರೆ ಮುಖ ತೋರಿಸಲು ಇಷ್ಟು ಭಯ ಯಾಕೆ...

ಎಂಟನೇ ದಿನ ವಾರ್ಡಿನ ಸಿಸ್ಟರ್ ಮೆಟ್ಟಿಲ ಬಳಿ ಹಿಡಿದರು. ‘ಏನಪ್ಪ, ನಿನ್ನ ಹೆಸ್ರು ಹೇಳ್ಕೊಂಡು ನಮ್ಮ ಡಾಕ್ಟ್ರು ಎಲ್ಲಿ ಅಂತ ಆ ಅಜ್ಜ ದಿನಾ ಪ್ರಾಣ ತಿಂತಾನೆ. ಆ ಹೆಸ್ರಿನ ಡಾಕ್ಟ್ರು ಇಲ್ಲಿ ಯಾರೂ ಇಲ್ಲ ಅಂದೆ. ನಾನೇ ಸುಳ್ಳು ಹೇಳ್ತಿದೀನಿ ಅಂತ ನನ್ ಮೇಲೇ ರೇಗ್ತಾನೆ.’

ಹೋದೆ. ಮಂಚದ ಮೇಲೆ ಕೂರಲಿಲ್ಲ, ನಿಂತೇ ಹೇಳಿದೆ. ‘ಅಜ್ಜ, ನಾನು ಡಾಕ್ಟ್ರಲ್ಲ. ಇನ್ನೂ ಓದ್ತಾ ಇದೀನಿ. ಅರ್ಧ ಪಾದ ಹೋಗ್ಬೋದು ಅಂತ ನಂಗೆ ಮೊದ್ಲೇ ಗೊತ್ತಿತ್ತು. ನಿಮ್ಗೆ ಹೇಳ್ಲಿಲ್ಲ.’

ಬಯ್ಯಲಿ, ಉಗಿಯಲಿ ಎಂದು ಕಾಯುತ್ತಿದ್ದೆ.

‘ಹುಣಸೇಮರದ ಮನೆಯೋನು ಅಂದ್ಯಲ್ಲ, ಅದು?’ ಅಂದರು.

‘ಅದು ನಿಜ ಅಜ್ಜ.’

‘ನಿಜಾನಾ?’

‘ದೇವ್ರಾಣೆಗೂ ನಿಜ.’

‘ಹಂಗಾದ್ರೆ ಎಂಟು ದಿನ ಎಲ್ಲಿಗೆ ಹೋಗಿದ್ದೆ?’

ನಾನು ಕ್ಷಮೆ ಕೇಳಲು ಬಂದಿದ್ದ ತಪ್ಪು ಒಂದು, ಅವರು ಕೇಳುತ್ತಿದ್ದ ತಪ್ಪು ಇನ್ನೊಂದು: ಮಂದೆಯವರು ಮಲಗಿದ್ದಾಗ ಮನೆಯವನು ಬಂದು ನೋಡಲಿಲ್ಲ. ಡಾಕ್ಟ್ರಲ್ಲ ಅಂದದ್ದು ಅವರಿಗೆ ತಾಗಿತೋ ಇಲ್ಲವೋ ಗೊತ್ತಾಗಲಿಲ್ಲ. ಅವರು ಗೋಡೆ ಕಡೆಗೆ ಹೊರಳಿದರು. ಮೂರು ದಿನಕ್ಕೆ ಅವರನ್ನು ಮನೆಗೆ ಕಳಿಸಿದರು. ಮಗನ ಹೆಗಲು ಹಿಡಿದು ಹೋಗುವಾಗ ನನ್ನ ಕಡೆ ಒಂದು ಕೈ ಎತ್ತಿದರು. ಹತ್ತಿರ ಬರಬೇಡ ಅಂದರೋ, ಹೋಗಿ ಬರುತ್ತೇನೆ ಅಂದರೋ... ತಿಳಿಯಲಿಲ್ಲ. ಓಡಿ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ.

ಆಮೇಲೆ ಓದು ಮುಗಿಯಿತು, ಕೆಲಸ ಸಿಕ್ಕಿತು, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಹಿರಿಯೂರಿಗೆ ಬಂದೆ. ತುರುವನೂರು ಕಡೆಯ ಬಸ್ಸು ಎಷ್ಟೋ ಸಲ ಕಣ್ಣೆದುರೇ ಹೋಗಿದೆ. ಹತ್ತಲಿಲ್ಲ. ಏನಂತ ಹೋಗಲಿ?

ಅವತ್ತು ಮಧ್ಯಾಹ್ನ ಕ್ಲಾಸಿನಲ್ಲಿ ಹಾಳೆಯನ್ನು ಇದ್ದ ಹಾಗೆಯೇ ಓದಿದೆ. ಡಾಕ್ಟ್ರು ಎಂದು ಮಾತ್ರ ಹೇಳಿಕೊಳ್ಳಬೇಡಿ, ಗೊತ್ತಿದ್ದದ್ದರಲ್ಲಿ ಅರ್ಧ ಹೇಳಬೇಡಿ ಎಂದು ಸ್ವಲ್ಪ ಜೋರಾಗಿಯೇ ಅಂದೆ. ಅಷ್ಟು ನನಗೆ ಖಚಿತ. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿ, ‘ಸರ್, ಅವ್ರು ನಮ್ಮ ಊರು, ಮನೆ ಎಲ್ಲ ಕೇಳಿದ್ರೆ ಹೇಳ್ಬೋದಾ?’ ಅಂದಳು. ‘ಹೇಳಿ’ ಅಂದೆ. ಒಂದು ಕ್ಷಣ ಬಿಟ್ಟು ‘ಬೇಡ’ ಅಂದೆ. ಆಮೇಲೆ ‘ಹೇಳಿದರೆ ಆಮೇಲೆ ಅವ್ರನ್ನ ಬಿಡೋಕಾಗಲ್ಲ, ನೋಡ್ಕೊಳ್ಳಿ’ ಅಂದೆ. ಪಾಪ, ಮಕ್ಕಳು ಮೂರನ್ನೂ ಬರೆದುಕೊಂಡವು.

ಮುಂದಿನ ಭಾನುವಾರ ಬೈಕ್ ಹತ್ತಿದೆ. ತುರುವನೂರಿನಲ್ಲಿ ವಿಚಾರಿಸಿ, ಅಲ್ಲಿಂದ ಒಳಗಿನ ಹಳ್ಳಿಗೆ ಹೋಗಿ, ‘ಅರ್ಧ ಪಾದದ ಕುರಿ ಅಜ್ಜ’ ಎಂದು ಕೇಳಿದರೆ ಚಿಕ್ಕ ಹುಡುಗರೂ ಮನೆ ತೋರಿಸಿದರು. ಅಂಗಳದಲ್ಲಿ ಒಬ್ಬ ಹೆಂಗಸು ಮೆಕ್ಕೆಜೋಳ ಹರಡುತ್ತಿದ್ದರು. ಅಜ್ಜನ ಸೊಸೆ. ಅಜ್ಜ ಇದ್ದಾರಾ ಎಂದು ಕೇಳಿದೆ.

‘ಮಾವ ಹೋಗಿ ಆರು ವರ್ಷ ಆತಲ್ರಿ. ನೀವು ಯಾರು?’

ಆರು ವರ್ಷ. ಆ ಬಿಸಿಲಿನಲ್ಲಿ ನಿಂತು ನನಗೆ ಅಳು ಬಂತು. ಅವರು ಕಾಯುತ್ತಿದ್ದರು, ಉತ್ತರ ಕೊಡಬೇಕಿತ್ತು. ಡಾಕ್ಟ್ರು ಎಂದು ಹೇಳಲು ನಾಲಿಗೆ ಏಳಲಿಲ್ಲ. ಆಸ್ಪತ್ರೆಯವನು ಅನ್ನಲೇ? ಪರಿಚಯದವನು ಅನ್ನಲೇ? ಕೊನೆಗೆ, ‘ಹೊರಕೆರೆದೇವಪುರದ ಕಡೆ, ಹುಣಸೇಮರದ ಮನೆಯೋನು’ ಅಂದೆ.

ಅವರ ಮುಖ ಅರಳಿತು. ‘ಓ, ಓದೋ ಹುಡ್ಗ ನೀವೇನಾ! ಆವಾಗ ನಾನು ಬಾಣಂತಿ, ಆಸ್ಪತ್ರೆ ಕಡೆ ಬಂದಿರ್ಲಿಲ್ಲ. ಆದ್ರೂ ನಿಮ್ಮ ಸುದ್ದಿ ಕೇಳೀ ಕೇಳೀ ಸಾಕಾಗಿತ್ತು. ಕಾಲು ನೋವಂದಾಗೆಲ್ಲ ಮಾವ ಅದ್ನೇ ಹೇಳೋರು, ನಮ್ಮ ಹುಡ್ಗ ಇನ್ನೂ ಓದ್ತಾ ಅವ್ನೆ, ಓದು ಮುಗುದ್ ಮ್ಯಾಲೆ ಬಂದೇ ಬತ್ತಾನೆ ಅಂತ.’ ಮೆಕ್ಕೆಜೋಳದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದರು: ‘ಓದು ಮುಗೀತಾ?’

‘ಈಗ ಮುಗೀತಮ್ಮ’ ಎಂದು ಸುಳ್ಳು ಹೇಳಿದೆ.

ಅವರು ನನ್ನ ನರೆತ ತಲೆಯನ್ನು ಒಮ್ಮೆ ನೋಡಿದರು. ‘ಕುಂತ್ಕಳ್ರಿ, ಟೀ ಇಡ್ತೀನಿ’ ಎಂದು ಒಳಗೆ ಹೋದರು.