ಬದುವಿನ ಹಕ್ಕರಕಿ

ಮಾರ್ಕೆಟ್ಟಿನ ತರಕಾರಿ ಬಿಟ್ಟೆ ಎಂದು ರಾಯಚೂರಿನ ನಮ್ಮ ಆಫೀಸಿನಲ್ಲಿ ಸಾರಿಕೊಂಡು ತಿರುಗುತ್ತಿದ್ದ ಕಾಲವದು. ಮಾನ್ವಿ ಕಡೆಯ ಪಾಲಿಶ್ ಅಕ್ಕಿ ಬಿಟ್ಟು ಜೋಳಕ್ಕೆ ಬಂದೆ, ಲಾರಿಯಲ್ಲಿ ಬರುವ ಎಲೆಕೋಸು ಬಿಟ್ಟು ಸೊಪ್ಪಿಗೆ ಬಂದೆ. ಊಟದ ಡಬ್ಬಿ ತೆರೆದಾಗಲೆಲ್ಲ ಉಪದೇಶ. ‘ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ’ ಎಂದು ಜೊತೆಯವರು ಕಾಲೆಳೆದರೆ ಮೈ ಉರಿಯುತ್ತಿತ್ತು. ನಾನು ತಿನ್ನುವುದೂ ಶಾಸ್ತ್ರವೇ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ.

ಈ ಸೊಕ್ಕು ಬಂದದ್ದು ದೇವದುರ್ಗದ ಹತ್ತಿರದ ನಮ್ಮೂರಿನಿಂದ. ಅವ್ವ ಕೂಲಿಯವಳು. ಕುರ್ಪಿ ಹಿಡಿದು ಕಳೆ ತೆಗೆಯಲು ಹೋದ ಹೆಂಗಸರಿಗೆ ಕಳೆಯೊಳಗಿನ ಸೊಪ್ಪೂ ಸೇರಿದ್ದು. ಅದನ್ನು ಯಾರನ್ನೂ ಕೇಳಬೇಕಿರಲಿಲ್ಲ. ಸಂಜೆ ಅವಳ ಉಡಿ ತುಂಬ ಹಕ್ಕರಕಿ, ಕಿರಕಸಾಲಿ. ಹಕ್ಕರಕಿಯನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ಜಗಿಯುತ್ತಿದ್ದೆವು. ಅವ್ವನದೊಂದೇ ಕಟ್ಟಳೆ: ತಾನು ಕುರ್ಪಿ ಆಡಿಸದ ಹೊಲದ ಸೊಪ್ಪು ಮನೆಗೆ ಬರಕೂಡದು. ಕಳ್ಳಿ ಅನ್ನಿಸಿಕೊಳ್ಳಬಾರದೆಂಬ ಮರ್ಯಾದೆಯ ಮಾತು ಅದು ಅಂದುಕೊಂಡಿದ್ದೆ.

ಒಂದು ಭಾನುವಾರ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಬಸ್ಸಿಳಿದು ನಡೆಯುವಾಗ ಹತ್ತಿ ಹೊಲದ ಬದುವಿನ ಮೇಲೆ ಎಳೆಯ ಹಕ್ಕರಕಿ ಕಂಡಿತು. ಕಟ್ಟಳೆ ನೆನಪಾಗಲೇ ಇಲ್ಲ. ಸೆರಗು ತುಂಬ ಕಿತ್ತು, ಮಗಳ ಕೈಗೂ ಒಂದು ಹಿಡಿ ಕೊಟ್ಟೆ. ಅವಳು ಜಗಿಯುತ್ತ ಬಂದಳು. ನನಗೆ ಹೆಮ್ಮೆಯೋ ಹೆಮ್ಮೆ.

ಅಂಗಳದಲ್ಲಿ ಅವ್ವ ಕೈಕಾಲು ತೊಳೆಯುತ್ತಿದ್ದಳು. ಮೊಮ್ಮಗಳ ಹಸಿರು ಬಾಯಿ ಕಂಡಳು.

“ಎಲ್ಲೀದು ಇದು?”

“ಹಾದಿಮ್ಯಾಗಿನ ಹತ್ತಿ ಹೊಲದ್ದು. ಬದುವಿನ್ಯಾಗ...”

ಮಾತು ಮುಗಿಯಲಿಲ್ಲ. ಅವ್ವ ಮಗುವಿನ ಕೆನ್ನೆಗೆ ಬಾರಿಸಿದಳು. ಬಾಯಿ ತೆರೆದದ್ದೇ ಎರಡು ಬೆರಳು ಗಂಟಲಿಗಿಳಿಸಿದಳು. “ಉಗುಳು ಬೇ, ಉಗುಳು!” ಮಗು ಕಚ್ಚಿತು, ಅವ್ವ ಬೆರಳು ತೆಗೆಯಲಿಲ್ಲ. ಹಸಿರು ಜೊಲ್ಲಿನ ಜೊತೆ ರಕ್ತ ಬಂತು. ಮಗುವಿನ ತುಟಿಯದೋ ಅವ್ವನ ಬೆರಳಿನದೋ ತಿಳಿಯಲಿಲ್ಲ. ನಾನು ಅವ್ವನ ತುರುಬು ಹಿಡಿದು ಎಳೆದೆ. ಅವಳು ತಿರುಗಿ ನೋಡದೆ ಮೊಣಕೈಯಿಂದ ನನ್ನ ಎದೆಗೆ ಗುದ್ದಿದಳು.

“ಆ ಬದುವಿಗೆ ಮುಂಜಾನಿ ಎಣ್ಣಿ ಹೊಡದದ ಬೇ! ಕಸ ಸಾಯೋ ಎಣ್ಣಿ!”

“ನಿನಗ್ಯಾರು ಹೇಳಿದ್ರು?”

“ಯಾರು ಹೇಳಬೇಕ? ನಾನಽ ಹೊಡದು ಬಂದೀನಿ. ಕುರ್ಪಿ ಕೆಲಸ ಯಾರು ಕೊಡ್ತಾರ ಈಗ?”

ಗೋಡೆಗೆ ಒರಗಿಸಿದ್ದ ಔಷಧಿ ಪಂಪು ಆಗ ಕಣ್ಣಿಗೆ ಬಿತ್ತು. ನಾನು ಅವ್ವನಿಗೆ ಹೊಡೆದೆ. ಒಂದಲ್ಲ, ಎರಡು ಸಲ, ಮುಖಕ್ಕೇ. ವಿಷವನ್ನು ಮಗುವಿನ ಬಾಯಿಗಿಟ್ಟವಳು ನಾನು, ಏಟು ತಿಂದವಳು ಅವಳು. ಅವಳು ತಡೆಯಲೂ ಇಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಆಟೋ ಕೂಗುತ್ತ ರಸ್ತೆಗೆ ಓಡಿದಳು. ದೇವದುರ್ಗದ ದವಾಖಾನೆಯಲ್ಲಿ ಡಾಕ್ಟರು, ಗಂಟಲಿಗೆ ಬೆರಳು ಹಾಕಿದ್ದಕ್ಕೆ ಅವಳನ್ನೂ, ಕಂಡಕಂಡ ಸೊಪ್ಪು ತಿನ್ನಿಸಿದ್ದಕ್ಕೆ ನನ್ನನ್ನೂ ಬೈದರು. ಮಗಳು ಉಳಿದಳು.

ನಾನು ಆಫೀಸಿನಲ್ಲಿ ಊಟದ ಭಾಷಣ ನಿಲ್ಲಿಸಿದೆ. ಅವ್ವ ಪಂಪು ಹೊರುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸು ಅನ್ನುವ ಬಾಯಿ ನನಗಿರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹಿತ್ತಲಲ್ಲಿ ಮಾರುದ್ದದ ಪಾತಿ ಇತ್ತು. ಬಚ್ಚಲ ನೀರು ಹಾಯಿಸಿ, ಸುತ್ತ ಮುಳ್ಳು ಕಟ್ಟಿ, ಮೊಮ್ಮಗಳಿಗೆಂದೇ ಅವ್ವ ಹಕ್ಕರಕಿ ಬೆಳೆದಿದ್ದಳು. ಬಿಸಿ ರೊಟ್ಟಿ ಮುರಿದು ಎರಡು ಎಲೆ ಸುತ್ತಿ ಚಾಚಿದಳು.

“ತಿನ್ನು ಯವ್ವಾ. ಇದು ಮನೀದು, ನಾನಽ ಬೆಳದೀನಿ.”

ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಬೆನ್ನಿಗೆ ಸರಿದಳು. ಅವ್ವನ ಬೆರಳಿನ ಮೇಲೆ ಹಲ್ಲಿನ ಕಲೆ ಇನ್ನೂ ಇತ್ತು.

“ನೀನರ ತಿನ್ನು,” ಎಂದು ನನ್ನತ್ತ ಚಾಚಿದಳು.

ನನ್ನ ಕೈ ಮುಂದೆ ಬರಲಿಲ್ಲ. ಅವ್ವ ಆ ತುತ್ತನ್ನು ತಾನೇ ಬಾಯಿಗಿಟ್ಟುಕೊಂಡು, ನಮ್ಮಿಬ್ಬರನ್ನೂ ನೋಡುತ್ತ ಜಗಿದಳು.