ಇಬ್ಬರ ದೋಣಿಗೆ ಮೂವರು

ಠಾಣೆಯ ವರ್ತಕ ನಗರದ ಸಸ್ಯಾಹಾರಿ ಹೋಟೆಲೊಂದರ ಗಲ್ಲಾದಲ್ಲಿ ಇಪ್ಪತ್ತೆಂಟು ವರ್ಷ ಕೂತಿದ್ದ ಅಣ್ಣನಿಗೆ, ಧಣಿಗಳ ಮಗ ಬಹಳ ಗೌರವದಿಂದ "ಮುಂದಿನ ತಿಂಗಳಿಂದ ನೀವು ಆರಾಮ ಮಾಡಿ" ಎಂದನಂತೆ. ಹೋಟೆಲಿನವರು ಗೌರವ ಜಾಸ್ತಿ ಮಾಡಿದರೆ ಕೆಲಸ ಹೋಯಿತೆಂದೇ ಅರ್ಥ. ಅಣ್ಣ ನನ್ನ ಒಡಹುಟ್ಟಿದವರಲ್ಲ. ಡೊಂಬಿವಲಿಯಿಂದ ಠಾಣೆಗೆ ಹದಿನಾಲ್ಕು ವರ್ಷ ಮುಂಬಯಿಯ ಲೋಕಲ್ ರೈಲಿನ ಒಂದೇ ಡಬ್ಬದಲ್ಲಿ ಜೊತೆಗೆ ಹೋದವರು. ನಮ್ಮದು ಮೂವರ ಗುಂಪು. ಉಡುಪಿ ಕಡೆಯ ಅಣ್ಣ, ಅದೇ ಕಡೆಯ ನಾನು, ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಯ ಕಾರ್ಖಾನೆಗೆ ಹೋಗುವ ವಿಜಯಪುರದವನೊಬ್ಬ. ಅವನಿಗೆ ತುಳು ಬಾರದ್ದರಿಂದ ನಮ್ಮ ಜಗಳಗಳೆಲ್ಲ ಕನ್ನಡದಲ್ಲೇ ನಡೆಯುತ್ತಿದ್ದವು.

ಕೆಲಸವಿಲ್ಲದವರು ಬೆಳಗಿನ ಲೋಕಲ್ ಹತ್ತುವುದಿಲ್ಲ. ಅಣ್ಣ ಕೈತಪ್ಪಿ ಹೋಗುತ್ತಾರೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಾಗೆ ಹೋದವರನ್ನು ನಾನು ಬಹಳ ಕಂಡಿದ್ದೇನೆ. ಮೊದಲು ವಾಟ್ಸಾಪಿನಲ್ಲಿ ದಿನಾ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಾರೆ, ಆರು ತಿಂಗಳಾದ ಮೇಲೆ ಅದೂ ಬರುವುದಿಲ್ಲ. ಊರ ಹೊಳೆಯಲ್ಲಿ ಗಾಳ ಹಾಕುತ್ತಿದ್ದ ಕಥೆಯನ್ನು ಅಣ್ಣ ನಮಗೆ ಸಾವಿರ ಸಲವಾದರೂ ಹೇಳಿದ್ದರು. ಆದ್ದರಿಂದ ಭಾನುವಾರಗಳಿಗೆಂದು ಗಾಳಿ ತುಂಬುವ ದೋಣಿಯೊಂದನ್ನು ಕೊಳ್ಳೋಣ ಎಂದು ನಾನೇ ಮಾತೆತ್ತಿದೆ. ತಲೆಗೆ ಒಂದೂವರೆ ಸಾವಿರ, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ ಎಂದವನೂ ನಾನೇ.

ಅಣ್ಣನ ಕೊನೆಯ ಎರಡು ವಾರ ಲೋಕಲಿನಲ್ಲಿ ನಮ್ಮ ಸಂಶೋಧನೆ ನಡೆಯಿತು. ಹನ್ನೆರಡು ಸಾವಿರದ ದೋಣಿಗೆ ದಪ್ಪ ಚರ್ಮ, ಬೇರೆಬೇರೆ ಗಾಳಿಯ ಕೋಣೆಗಳು, ಗಾಳದ ಕೋಲು ಸಿಕ್ಕಿಸಲು ಜಾಗ, ಎಲ್ಲ ಇತ್ತು. ಅದನ್ನು ದಿನಕ್ಕೊಮ್ಮೆ ಭಕ್ತಿಯಿಂದ ದರ್ಶನ ಮಾಡಿ ಮೊಬೈಲು ಮುಚ್ಚುತ್ತಿದ್ದೆವು. ಎರಡು ಸಾವಿರದ್ದರ ಮೈತುಂಬ ಡಾಲ್ಫಿನ್ ಚಿತ್ರ. ಗಾಳದ ಮೊನೆ ಬೇಡ, ಮೀನು ಕಣ್ಣು ಬಿಟ್ಟು ನೋಡಿದರೂ ಹರಿಯುವಷ್ಟು ತೆಳು. ನಡುವೆ ನಾಲ್ಕು ಸಾವಿರದ ಚಿಲ್ಲರೆಗೆ ಒಂದು ಸಿಕ್ಕಿತು. ಅದಕ್ಕೆ ಐದು ನಕ್ಷತ್ರ ಕೊಟ್ಟಿದ್ದ ಮಹಾನುಭಾವನೊಬ್ಬ "ಬಹುತ್ ಮಜಬೂತ್ ಹೈ, ಅಭೀ ಖೋಲಾ ನಹೀಂ" ಎಂದು ಬರೆದಿದ್ದ. ಇನ್ನೂ ಬಿಚ್ಚಿಯೇ ಇಲ್ಲದ್ದನ್ನು ಬಹಳ ಗಟ್ಟಿ ಎನ್ನುವ ಇಷ್ಟು ನಂಬಿಕಸ್ಥ ಸಾಕ್ಷಿ ನಮಗೆ ಸಾಕಾಯಿತು.

ಒಂದೇ ತೊಡಕು. ದೋಣಿ ಇಬ್ಬರಿಗೆ, ತೂಕ ನೂರೈವತ್ತು ಕಿಲೋ ಮೀರಬಾರದು ಎಂದಿತ್ತು. ವಿಜಯಪುರದವನೊಬ್ಬನೇ ತೊಂಬತ್ತು ಕಿಲೋ.

"ಮೂರು ಮಂದಿ ಸೀಟಿನ ಮ್ಯಾಲ ದಿನಾ ನಾಕ್ ಮಂದಿ ಕುಂಡ್ರತೀವಿ" ಎಂದ ಅವನು. "ಇಬ್ಬರ ದೋಣ್ಯಾಗ ಮೂರ್ ಮಂದಿ ಕುಂಡ್ರಾಕ ಏನ ಧಾಡಿ?"

ಅರ್ಧ ಅಂಡಿನ ಮೇಲೆ ಅರ್ಧ ಆಯುಷ್ಯ ಕಳೆದವರು ನಾವು. ನಮ್ಮಲ್ಲೊಬ್ಬ ನಿಂತಿದ್ದರೆ, ನಡುದಾರಿಯ ಮುಂಬ್ರಾ ಸ್ಟೇಷನ್ ಬಂದ ಕೂಡಲೇ ಕೂತವನು ಎದ್ದು ಅವನಿಗೆ ಜಾಗ ಕೊಡಬೇಕು. ಹದಿನಾಲ್ಕು ವರ್ಷದಲ್ಲಿ ಈ ಕಾನೂನನ್ನು ಯಾರೂ ಮುರಿದಿರಲಿಲ್ಲ. ಇಂಥ ಅನುಭವಿಗಳಿಗೆ ಕಂಪನಿಯವನು ಲೆಕ್ಕ ಹೇಳುವುದೇ? ನಾನು ಆರ್ಡರ್ ಒತ್ತಿದೆ.

ಅಣ್ಣ ಕೆಲಸ ಬಿಟ್ಟ ಮೊದಲ ಭಾನುವಾರ ಕಲ್ಯಾಣದಾಚೆಯ ಕೆರೆಯೊಂದಕ್ಕೆ ಹೋದೆವು. ಜೊತೆಗೆ ಬಂದಿದ್ದ ಕಾಲಿನ ಪಂಪನ್ನು ಸರದಿಯಲ್ಲಿ ಮುಕ್ಕಾಲು ಗಂಟೆ ತುಳಿದೆವು. ಅಣ್ಣ ಗಾಳ ಹಿಡಿದು ಮಹಾರಾಜರ ಹಾಗೆ ಮುಂದೆ ಕೂತರು. ವಿಜಯಪುರದವನು ಉಳಿದದ್ದನ್ನೆಲ್ಲ ಆಕ್ರಮಿಸಿ ಹುಟ್ಟು ಹಾಕತೊಡಗಿದ. ನಾನು ಅಂಚಿನಲ್ಲಿ ಮೊಣಕಾಲೂರಿ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಎರೆಹುಳದ ಡಬ್ಬಿ ಹಿಡಿದುಕೊಂಡೆ. ದಡದಿಂದ ಹತ್ತು ಮಾರು ಹೋಗಿರಬಹುದು. ಅಣ್ಣ ತಿರುಗಿ ನನ್ನ ಅವಸ್ಥೆ ನೋಡಿದರು.

"ಎಂತ ಮಾರಾಯ, ಎಷ್ಟು ಹೊತ್ತು ಹಾಗೆ? ಮುಂಬ್ರಾ ಬಂತು, ನೀನು ಕೂತುಕೋ" ಎಂದು ಎದ್ದು ನಿಂತರು.

ದೋಣಿಗೆ ಆ ಕಾನೂನು ಗೊತ್ತಿರಲಿಲ್ಲ. ನೀರು ಸೊಂಟದ ತನಕ, ಕೆಸರು ಮೊಣಕಾಲ ತನಕ ಇತ್ತು. ಯಾರೂ ಸಾಯಲಿಲ್ಲ, ಎರೆಹುಳಗಳಿಗೆ ಮಾತ್ರ ಬಿಡುಗಡೆ ಸಿಕ್ಕಿತು.

ದಡಕ್ಕೆ ಬಂದು ಪ್ಯಾಂಟು ಹಿಂಡುತ್ತ ನಾನು ಹಾರಾಡಿದೆ. ಏಳು ದಿನದೊಳಗೆ ವಾಪಸ್ ಕೊಟ್ಟರೆ ಪೂರ್ತಿ ದುಡ್ಡು ಬರುತ್ತದೆ, ನಾಳೆಯೇ ಕಳಿಸುತ್ತೇನೆ, ಈ ಹುಚ್ಚಾಟ ಸಾಕು ಎಂದೆ. ವಿಜಯಪುರದವನು ನಗುತ್ತಲೇ ಇದ್ದ. ಅಣ್ಣ ನಗಲಿಲ್ಲ. ಒದ್ದೆ ಬನಿಯನ್ನಿನಲ್ಲಿ ಕಲ್ಲಿನ ಮೇಲೆ ಕೂತು, ದೋಣಿಗೆ ಮೆತ್ತಿದ್ದ ಕೆಸರನ್ನು ಅಂಗೈಯಿಂದ ಒರೆಸುತ್ತಿದ್ದರು.

"ವಾಪಸ್ ಕೊಟ್ರೆ ಬರುವ ಭಾನುವಾರ ಎಂತ ಮಾಡುದು?" ಎಂದು ಕೇಳಿದರು.

ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಏನನ್ನೂ ಹಾಗೆ ಕೇಳಿದ್ದಿಲ್ಲ. ವಿಜಯಪುರದವನ ನಗು ಕೂಡ ನಿಂತಿತು.

"ವಾಪಸ್ ಕೊಡ್ಲಿಕ್ಕೆ ಆಗುದಿಲ್ಲ ಅಣ್ಣ" ಎಂದೆ. "ಪೆಟ್ಟಿಗೆ ಇಲ್ಲದೆ ಅವರು ತಗೊಳ್ಳುದಿಲ್ಲ. ಅದನ್ನು ನಾನು ಮೊನ್ನೆಯೇ ಹರಿದು ಬಿಸಾಡಿದೆ."

"ಛೆ, ಎಂಥಾ ದಂಡಪಿಂಡ ನೀನು! ನಾಲ್ಕು ಸಾವಿರ ಹಾಳು" ಎಂದು ಅಣ್ಣ ಬೈದರು. ಹಾಗೆ ಬೈಯುವಾಗ ಅವರ ಮುಖ ಅರಳಿತ್ತು. ದಾರಿಯುದ್ದಕ್ಕೂ ನನ್ನ ಅವಿವೇಕವನ್ನು ವಿಜಯಪುರದವನಿಗೆ ವಿವರಿಸಿದರು.

ಮನೆಗೆ ಬಂದವನೇ, ಕಪಾಟಿನ ಮೇಲೆ ಒಂದು ಗೀರೂ ಇಲ್ಲದೆ ಇಟ್ಟಿದ್ದ ಪೆಟ್ಟಿಗೆಯನ್ನು ಇಳಿಸಿ ನಾಲ್ಕು ತುಂಡಾಗಿ ಹರಿದೆ.