ಜೋಸೆಫ ಕೈ ಎತ್ತದ ಸಂಜೆ

ಇವತ್ತು ಗುಂಡ್ಲುಪೇಟೆಯ ಚರ್ಚಿನ ಮುಂದೆ ಬಿಳಿ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ಬೈಕ್ ನಿಲ್ಲಿಸಿಬಿಟ್ಟೆ. ಜೋಸೆಫ ನೆನಪಾದ.

ನಮ್ಮೂರ ಶಾಲೆಯಲ್ಲಿ ನನ್ನನ್ನು ನೆಲಕ್ಕೆ ಕೆಡವಿದ ಗಂಡು ಅವನೊಬ್ಬನೇ. ಉಳಿದವರು ನನ್ನ ನೆರಳು ಕಂಡರೂ ಓಡುತ್ತಿದ್ದರು. ಒಂದು ಶನಿವಾರ ಸಂಜೆ ಅವನು ಫಾದರ್ ಮುಂದೆ ತಪ್ಪುಗಳನ್ನೆಲ್ಲ ಹೇಳಿಕೊಂಡು, ಪಾಪ ಕಳೆದುಕೊಂಡು ಬಂದಿದ್ದ. ಮರುದಿನದ ಪೂಜೆಯಲ್ಲಿ ಬಿಳಿ ಬಟ್ಟೆ ತೊಟ್ಟು ಅವನು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವುದಿತ್ತು. ಅಲ್ಲಿಯವರೆಗೆ ಹೊಡೆದಾಟ, ಬೈಗುಳ ಯಾವುದೂ ಕೂಡದು. ಇಂಥ ಅವಕಾಶ ಬಿಡುವವನೇ ನಾನು?

“ಗಂಡಿಲ್ದೆ ಕೂಸು ಹೆತ್ಲಂತಲ್ಲ ನಿಮ್ಮ ಮರಿಯಮ್ಮ, ಯಾರ ಕಿವಿಗ್ಲಾ ಹೂ ಮಡಗ್ತೀರಿ?” ಎಂದು ಕೆನ್ನೆಗೆ ಬಾರಿಸಿದೆ.

“ಅವ್ವ ಕನ್ನೆ ಕಣ್ಲಾ. ಪಾಪದ ಸೋಂಕೇ ಇಲ್ದೋಳು. ನಾಳೆ ಪೂಜೆ ಮುಗೀಲಿ, ನಿಂಗದ ಹಬ್ಬ,” ಎಂದ.

ಮೂಗಿಗೆ ಗುದ್ದಿದೆ. ರಕ್ತ ಬಾಯಿಗಿಳಿಯಿತು. ಕೆಡವಿ ಪಕ್ಕೆಗೆ ಒದ್ದೆ. ಅವನು ಜಪ ಹೇಳುತ್ತ ಮುಷ್ಟಿ ಬಿಗಿದುಕೊಂಡನೇ ಹೊರತು ಕೈ ಎತ್ತಲಿಲ್ಲ.

ಅಷ್ಟರಲ್ಲಿ ಅವನಜ್ಜಿ ತೆರೇಸಮ್ಮ ಸೌದೆ ಹಿಡಿದು ಬಂದರು.

“ಹೊಡುದ್ರೆ ನಿಮ್ಗೂ ಪಾಪ ಬತ್ತದ ಕಣಜ್ಜಿ,” ಎಂದೆ.

“ಬರ್ಲಿ ಬುಡು. ಕೂಸು ನಾಳೆ ಪ್ರಸಾದ ತಕ್ಕಬೇಕು. ಅವ್ನ ಪಾಲಿಂದೂ ನಾನೇ ಮಾಡ್ತೀನಿ,” ಎನ್ನುತ್ತ ಸೌದೆ ಬೀಸಿದರು. ನನ್ನ ಮೊಣಕೈ ಮೂಳೆ ಲಟಕ್ಕೆಂದಿತು.

ಮರುದಿನ ಜೋಸೆಫ ಊದಿದ ಮೂಗಿನಲ್ಲೇ ಪ್ರಸಾದ ತೆಗೆದುಕೊಂಡನಂತೆ. ನನಗೆ ಹೊಡೆದ ಪಾಪವನ್ನು ಫಾದರ್ ಮುಂದೆ ಹೇಳಿಕೊಳ್ಳದೆ ಪ್ರಸಾದ ಮುಟ್ಟುವಂತಿಲ್ಲವೆಂದು, ಮೊಮ್ಮಗನ ಆ ದೊಡ್ಡ ದಿನವೂ ಅಜ್ಜಿ ಹಿಂದಿನ ಬೆಂಚು ಬಿಟ್ಟು ಏಳಲಿಲ್ಲವಂತೆ.

ಈಗಲೂ ಚಳಿಗೆ ಮೊಣಕೈ ನೋಯುತ್ತದೆ. ಕೇಳಿದವರಿಗೆಲ್ಲ ಬಂಡೀಪುರದ ಕರಡಿ ಹಿಡಿದಿತ್ತು ಎನ್ನುತ್ತೇನೆ.